ಪದ್ರೀನೊ ಕೊಟ್ಟ ಎಂಜಿನ್

ಎಲ್ ಆಲ್ತೊ ಊರಿನ ಗುರುವಾರ, ಭಾನುವಾರದ ಸಂತೆಯಲ್ಲಿ ಓಡುವ ಸ್ಥಿತಿಯಲ್ಲಿರುವ ಹಳೆಯ ಡೀಸೆಲ್ ಎಂಜಿನ್ನಿಗೆ ಹನ್ನೆರಡು ಸಾವಿರ ಬೊಲಿವಿಯಾನೊ. ಚೌಕಾಸಿ ಗೊತ್ತಿದ್ದವರಿಗೆ ಹನ್ನೊಂದು. ಪೆಟ್ರೋಲ್ ವ್ಯಾನಿಗೆ ಅದನ್ನು ಕೂರಿಸಬೇಕಾದರೆ ಎಂಜಿನ್ ಹೊರುವ ಮೌಂಟಿಂಗುಗಳನ್ನು ಹೊಸದಾಗಿ ವೆಲ್ಡಿಂಗ್ ಮಾಡಿಸಬೇಕು, ಅದಕ್ಕೆ ನಾಲ್ಕುನೂರು. ರೇಡಿಯೇಟರ್ ದೊಡ್ಡದು ಬೇಕು, ಒಂಬೈನೂರು. ಕ್ಲಚ್ ಪ್ಲೇಟು ಏಳುನೂರು. ಹೋಸ್ ಪೈಪು, ಗ್ಯಾಸ್ಕೆಟ್ಟು, ಬ್ಯಾಟರಿ ಎಂದು ಇನ್ನೊಂದು ಸಾವಿರ. ಕೊನೆಗೆ ಎಂಜಿನ್ನಿನ ಮೇಲೆ ಹೊಯ್ಯಲು ಮತ್ತು ಬಂದವರಿಗೆ ಕುಡಿಸಲು ಬಿಯರ್. ಅದನ್ನು ಯಾರೂ ಖರ್ಚಿಗೆ ಸೇರಿಸುವುದಿಲ್ಲ, ಆದರೆ ರೇಡಿಯೇಟರಿಗಿಂತ ಅದೇ ಹೆಚ್ಚಾಗುತ್ತದೆ.

ಇಷ್ಟೆಲ್ಲದರಲ್ಲಿ ಸೆವೆರೊ ತಾರ್ಕಿಗೆ ಎಂಜಿನ್ ಮಾತ್ರ ಪುಕ್ಕಟೆ ಸಿಕ್ಕಿತ್ತು. ಅವನ ವ್ಯಾನು ಎರಡು ಚಳಿಗಾಲ ಅಂಗಳದಲ್ಲಿ ಕಲ್ಲುಗಳ ಮೇಲೆ ನಿಂತದ್ದು ಆ ಪುಕ್ಕಟೆ ಎಂಜಿನ್ನಿನಿಂದಲೇ.

ನಾನು ಆ ಸಂತೆಯಲ್ಲಿ ವಾಹನದ ಬಿಡಿಭಾಗ ಮಾರುವವಳು. ಗಂಡ ಇದ್ದಾಗ ಅವರು ಮಾರುತ್ತಿದ್ದರು, ಈಗ ನಾನು. ಸೆವೆರೊ ನಮ್ಮ ಹಿಂದಿನ ಬೀದಿಯವನು. ಜನರನ್ನು ಸಾಗಿಸುವ ವ್ಯಾನು ಓಡಿಸುತ್ತಾನೆ, ಅದರ ರಿಪೇರಿಯನ್ನೂ ತಾನೇ ಮಾಡಿಕೊಳ್ಳುತ್ತಾನೆ. ಒಳ್ಳೆಯ ಕೈ. ಅವನ ಪೆಟ್ರೋಲ್ ಎಂಜಿನ್ ಕೈಕೊಟ್ಟಾಗ, ಇನ್ನು ಇದನ್ನು ಎತ್ತಿ ಡೀಸೆಲ್ ಹಾಕುತ್ತೇನೆ ಎಂದು ಹೊರಟ. ಏರು ಹತ್ತುವ ವ್ಯಾನಿಗೆ ಅದು ಸರಿಯಾದ ಯೋಚನೆಯೇ.

ಆಗ ಸಿಕ್ಕವರು ದೋನ್ ಸಿಪ್ರಿಯಾನೊ. ಚಾಲಕರ ಸಂಘದಲ್ಲಿ ಹಿರಿಯರು, ಎರಡು ಬಸ್ಸುಗಳ ಒಡೆಯರು. ಸೆವೆರೊನನ್ನು ಸಂಘಕ್ಕೆ ಸೇರಿಸಿ, ಸರದಿಯ ಮೇಲೆ ಜನ ಹತ್ತಿಸಿಕೊಂಡು ಹೊರಡುವ ಗಾಡಿಗಳ ಸಾಲಿನಲ್ಲಿ ಅವನಿಗೊಂದು ಜಾಗ ಕೊಡಿಸಿದವರು ಅವರೇ. ಸೆವೆರೊನ ಮಗಳು ಯೊಸೆಲಿನಳ ಮೊದಲ ಕೂದಲು ತೆಗೆಯುವ ಶಾಸ್ತ್ರದಲ್ಲಿ ಕೂದಲು ಕತ್ತರಿಸಿದವರೂ ಅವರೇ. ಆವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ. ಒಡಹುಟ್ಟಿದವರ ಜೊತೆ ಜಗಳವಾಡಬಹುದು, ಕಂಪಾದ್ರೆಯ ಜೊತೆ ಆಗದು.

ನಮ್ಮಲ್ಲಿ ದೊಡ್ಡ ಖರ್ಚನ್ನು ಒಬ್ಬನೇ ಹೊರುವುದಿಲ್ಲ. ಮದುವೆಯ ಕೇಕಿಗೆ ಒಬ್ಬ ಪದ್ರೀನೊ, ವಾದ್ಯದವರಿಗೆ ಇನ್ನೊಬ್ಬ, ಹೊಸ ಮನೆಯ ತಗಡಿನ ಸೂರಿಗೆ ಮತ್ತೊಬ್ಬ. ಕೊಡಿಸಿದವನಿಗೆ ಹತ್ತು ಜನರ ಮುಂದೆ ಮಾನ, ಪಡೆದವನಿಗೆ ಋಣ. ಯೊಸೆಲಿನಳ ಹುಟ್ಟುಹಬ್ಬದ ಊಟದಲ್ಲಿ ದೋನ್ ಸಿಪ್ರಿಯಾನೊ ಗ್ಲಾಸು ಎತ್ತಿ, "ಈ ವ್ಯಾನಿನ ಎಂಜಿನ್ನಿಗೆ ನಾನೇ ಪದ್ರೀನೊ" ಎಂದರು. ಚಪ್ಪಾಳೆ ಬಿತ್ತು. ಹದಿನೈದು ದಿನದೊಳಗೆ ಲಾರಿಯಲ್ಲಿ ಎಂಜಿನ್ ಬಂತು. ಮೈಗೆಲ್ಲ ಕೆಂಪು ಬಣ್ಣ, ಬಣ್ಣದ ಕಾಗದದ ಸುರುಳಿ, ತಲೆಯ ಮೇಲಿನ ಟ್ಯಾಪೆಟ್ ಕವರಿನ ಮೇಲೆ ಬಿಳಿ ಅಕ್ಷರದಲ್ಲಿ ಅವರ ಹೆಸರು. ಅದನ್ನು ಇಳಿಸಲು ಬೀದಿಯವರೆಲ್ಲ ಕೈಜೋಡಿಸಿದರು.

ಆಮೇಲೆ ಕೆಲಸ ನಿಂತುಹೋಯಿತು. ಕೇಳಿದವರಿಗೆಲ್ಲ ಸೆವೆರೊ ಹೇಳುತ್ತಿದ್ದುದು ಒಂದೇ ಮಾತು: "ಮೌಂಟಿಂಗ್ ಕೂರ್ತಾ ಇಲ್ಲ." ತಾನು ಬೇರೆಯವರ ವ್ಯಾನಿಗೆ ದಿನಗೂಲಿ ಚಾಲಕನಾಗಿ ಹೋಗುತ್ತಿದ್ದ. ಅವನಂಥ ಕೈಯವನಿಗೆ ಮೌಂಟಿಂಗ್ ಎರಡು ವರ್ಷ ಕೂರುವುದಿಲ್ಲವೆಂದರೆ ನಂಬುವವಳು ನಾನಲ್ಲ. ಆದರೆ ಕೇಳಲು ಹೋಗಲಿಲ್ಲ.

ಈ ಸಲದ ಚಳಿ ಮುಗಿಯುತ್ತ ಬಂದಾಗ ಅವನ ಹೆಂಡತಿ ಬಾಸಿಲಿಯಾ ನನ್ನ ಅಂಗಡಿಗೆ ಬಂದಳು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಒಂದು ಗೇರ್‌ಬಾಕ್ಸಿನ ಮೇಲೆ ಕೂತಳು.

"ದೋನ್ಯ ನಿಕೊಲಾಸಾ, ಆ ಮೂಲೇಲಿರೋ ಎಂಜಿನ್ ಎಷ್ಟಕ್ಕೆ ಕೊಡ್ತೀರಿ?"

"ನಿಮ್ಮನೇಲಿ ಒಂದು ಬಿದ್ದಿದೆಯಲ್ಲಮ್ಮ, ಕೆಂಪಗೆ ಮದುಮಗಳ ಹಾಗೆ. ಇನ್ನೊಂದು ತಗೊಂಡು ಹೋಗಿ ಅದಕ್ಕೆ ಮದುವೆ ಮಾಡ್ತೀಯಾ?"

ಅವಳು ನಗಲಿಲ್ಲ. "ನಮ್ಮ ವ್ಯಾನು ಕೋಳಿಗಳಿಗೆ ಚೆನ್ನಾಗಿ ಓಡ್ತಾ ಇದೆ. ಹಿಂದಿನ ಸೀಟಲ್ಲಿ ಮೊಟ್ಟೆ ಇಡ್ತಾವೆ. ಹಾಸ್ಯ ಬೇಡಕ್ಕಾ. ಸಂಘದವರು ಮೀಟಿಂಗಲ್ಲಿ ಹೇಳಿದ್ದಾರಂತೆ, ವಾರ್ಷಿಕೋತ್ಸವದ ದಿನ ಯಾರ ಗಾಡಿ ಸಾಲಲ್ಲಿ ನಿಲ್ಲಲ್ವೋ ಅವರ ಜಾಗ ಹೋಯ್ತು ಅಂತ. ಕಾಯ್ತಾ ಇರೋರು ಬಾಗಿಲಲ್ಲೇ ನಿಂತಿದ್ದಾರೆ."

"ಹಾಗಿದ್ರೆ ಇರೋದನ್ನ ಕೂರಿಸಿ."

"ಅದು ಕೂರುತ್ತೆ. ಓಡಲ್ಲ. ಬಂದು ನೋಡಿ, ಆದ್ರೆ ನಿಮ್ಮ ಬಾಯಿಂದ ಹೊರಗೆ ಬರಬಾರದು."

ಅಂಗಡಿ ಮುಚ್ಚಿ ಸಂಜೆಗೆ ಮುಂಚೆಯೇ ಹೋದೆ. ಸೆವೆರೊ ನನ್ನನ್ನು ನೋಡಿ ಹೆಂಡತಿಯತ್ತ ಒಂದು ಸಲ ದುರುಗುಟ್ಟಿ ನೋಡಿದ, ಆಮೇಲೆ ಸುಮ್ಮನೆ ಟಾರ್ಪಾಲು ಸರಿಸಿದ. ಎಣ್ಣೆಯ ಕಡ್ಡಿ ಎಳೆದು ತೋರಿಸಿದ. ಎಣ್ಣೆ ಕಪ್ಪಗಿರಲಿಲ್ಲ, ಹಾಲು ಬೆರೆಸಿದ ಕಾಫಿಯ ಹಾಗಿತ್ತು. ನೀರು ಒಳಗೆ ಹೋಗಿದೆ ಎಂದಾಯಿತು.

"ಹೆಡ್ ಗ್ಯಾಸ್ಕೆಟ್ ಇರಬಹುದು," ಎಂದೆ.

"ಬದಲಾಯಿಸಿದೆ ದೋನ್ಯ. ಎರಡು ಸಲ. ಬ್ಲಾಕೇ ಸೀಳಿದೆ. ಇಲ್ಲಿ ನೋಡಿ."

ಎಂಜಿನ್ನಿನ ಮೈಯಾದ ಆ ಕಬ್ಬಿಣದ ಬ್ಲಾಕಿನ ಎಡಮಗ್ಗುಲಲ್ಲಿ, ನೀರಿನ ದಾರಿ ಮುಚ್ಚುವ ತಗಡಿನ ಬಿಲ್ಲೆಗಳ ಸಾಲಿನಲ್ಲಿ, ಅವನು ಬಣ್ಣ ಕೆರೆದಿದ್ದ. ಕೂದಲಿನಷ್ಟು ಸಣ್ಣ ಬಿರುಕು ಒಂದು ಬಿಲ್ಲೆಯ ಹತ್ತಿರ ಹುಟ್ಟಿ ಮೇಲಕ್ಕೆ ಹೋಗಿತ್ತು. ಹಿಮ ಕಟ್ಟಿದ ಎಂಜಿನ್. ನಮ್ಮೂರಿನ ಎತ್ತರದಲ್ಲಿ ಚಳಿಗಾಲದ ಸಂಜೆ ರೇಡಿಯೇಟರಿನ ನೀರು ಇಳಿಸದೆ ಮಲಗಿದರೆ ಬೆಳಗಾಗುವಷ್ಟರಲ್ಲಿ ನೀರು ಗಡ್ಡೆಯಾಗಿ, ಹಿಗ್ಗಿ, ಕಬ್ಬಿಣವನ್ನು ಸೀಳುತ್ತದೆ. ಇದು ಇಲ್ಲಿ ಸ್ಟಿಯರಿಂಗ್ ಹಿಡಿದವರಿಗೆಲ್ಲ ಗೊತ್ತು.

ಇನ್ನೂ ಒಂದು ನನ್ನ ಕಣ್ಣಿಗೆ ಬಿತ್ತು. ಉಳಿದ ಬಿಲ್ಲೆಗಳು ಬಣ್ಣದ ಕೆಳಗೆ ತುಕ್ಕು ಹಿಡಿದಿದ್ದವು. ಬಿರುಕಿನ ಪಕ್ಕದ್ದು ಮಾತ್ರ ಹೊಸದು, ಅದೂ ಸ್ವಲ್ಪ ಓರೆಯಾಗಿ ಕೂತಿತ್ತು. ಹಿಮಕ್ಕೆ ಹಳೆಯ ಬಿಲ್ಲೆ ಚಿಮ್ಮಿದೆ. ಯಾರೋ ಹೊಸದನ್ನು ಬಡಿದು ಕೂರಿಸಿ, ಆಮೇಲೆ ಬಣ್ಣ ಬಳಿದಿದ್ದಾರೆ.

"ಇದನ್ನ ನೋಡಿದ್ಯಾ?" ಎಂದೆ.

"ನೋಡಿದೀನಿ." ಅವನು ಟಾರ್ಪಾಲು ಮತ್ತೆ ಎಳೆದ. "ಕಂಪಾದ್ರೆಗೆ ಮಾರಿದವನು ಯಾವನೋ ಮೋಸ ಮಾಡಿರ್ತಾನೆ. ಅವರಿಗೆ ಗೊತ್ತಿರಲ್ಲ."

ಬಾಸಿಲಿಯಾ ಆಲೂಗಡ್ಡೆ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಗೊತ್ತಿರಲಿ ಬಿಡಲಿ, ಹೋಗಿ ಹೇಳೋಕೆ ನಿನಗೇನು ಬಾಯಿ ಹೊಲಿದಿದಾರಾ? ಕಂಪಾದ್ರೆ, ನೀವು ಕೊಟ್ಟದ್ದು ಸೀಳಿದೆ, ಏನು ಮಾಡೋಣ ಅಂತ ಕೇಳು. ನಾಲ್ಕು ಮಾತು."

"ಹೇಳಿದ್ರೆ ಅವರು ಇನ್ನೊಂದು ಕೊಡಿಸಬೇಕಾಗುತ್ತೆ. ಹೋದ ವರ್ಷ ಒಂದು ಬಸ್ಸು ಮಾರಿದ್ರು, ಗೊತ್ತಾ? ಅವರ ಹತ್ರ ಈಗ ದುಡ್ಡಿಲ್ಲ. ಎಲ್ಲರ ಮುಂದೆ ಕೊಟ್ಟದ್ದು, ಎಲ್ಲರ ಮುಂದೆ ಕೆಟ್ಟದ್ದು ಅನ್ನಿಸಲಾ? ನನ್ನನ್ನ ಸಾಲಿಗೆ ಸೇರಿಸಿದ ಮನುಷ್ಯ ಅವರು."

"ಅದೇ ಸಾಲಿಂದ ಈಗ ಬೀಳ್ತಾ ಇದೀಯ."

"ಬಾಸಿಲಿಯಾ!"

"ಏನು ಬಾಸಿಲಿಯಾ? ಎರಡು ವರ್ಷದಿಂದ ಕೂಲಿ ಓಡಿಸ್ತಾ ಇದೀಯ. ಇನ್ನು ಜಾಗಾನೂ ಹೋದ್ರೆ ಆಮೇಲೆ ಮಾನ ಕುದಿಸಿ ಸೂಪು ಮಾಡ್ತೀನಿ, ಕುಡಿ."

ನನಗೆ ಬಾಸಿಲಿಯಾಳ ಮಾತೇ ಸರಿ ಅನ್ನಿಸಿತು, ಹಾಗೆಂದು ಹೇಳಿದೆ ಕೂಡ. ಸೆವೆರೊ ಸ್ಪ್ಯಾನರುಗಳನ್ನು ಒರೆಸಿ ಒರೆಸಿ ಡಬ್ಬಿಯಲ್ಲಿಡುತ್ತಿದ್ದ. "ನೀವಿಬ್ಬರೂ ಹೇಳ್ತೀರಿ. ಹೇಳಬೇಕಾದವನು ನಾನು," ಎಂದ.

ಮುಂದಿನ ಭಾನುವಾರದ ಸಂತೆಗೆ ಬಾಸಿಲಿಯಾ ದುಡ್ಡು ತಂದಳು. ಹಬ್ಬದ ಕುಣಿತಕ್ಕೆ ಅವಳು ಹೊದೆಯುತ್ತಿದ್ದ ವಿಕುನ್ಯಾ ಎಂಬ ಬೆಟ್ಟದ ಪ್ರಾಣಿಯ ದುಬಾರಿ ಉಣ್ಣೆಯ ಶಾಲು, ಅವಳ ತಾಯಿಯದು, ಮಾರಿಬಿಟ್ಟಿದ್ದಳು. ಜೊತೆಗೆ ಚಿನ್ನದ ಓಲೆ. ಅಷ್ಟಾದರೂ ಸಾಲಲಿಲ್ಲ. ಉಳಿದದ್ದು ವ್ಯಾನು ಓಡಿ ದುಡಿದ ಮೇಲೆ ಕೊಡು ಎಂದೆ. ನನ್ನ ಮೂಲೆಯಲ್ಲಿದ್ದದ್ದು ಬೆಟ್ಟದ ಕೆಳಗಿನ ಬಿಸಿ ಸೀಮೆಯಿಂದ ಬಂದ ಎಂಜಿನ್. ಹಿಂಬದಿಗೆ ಗುದ್ದಿಸಿಕೊಂಡ ವ್ಯಾನಿನದು, ಮುಂದೆ ಏನೂ ಆಗಿರಲಿಲ್ಲ. ಪದ್ರೀನೊ ಕೊಟ್ಟದ್ದರ ಜಾತಿಯೇ, ಹಾಗಾಗಿ ಸೆವೆರೊ ಮೊದಲೇ ಮಾಡಿಟ್ಟಿದ್ದ ಮೌಂಟಿಂಗುಗಳ ಮೇಲೆ ನೇರ ಕೂತಿತು. ಕೂರುವುದಿಲ್ಲ ಎನ್ನುತ್ತಿದ್ದನಲ್ಲ, ಬಹಳ ಅಚ್ಚುಕಟ್ಟಾಗಿ ಮಾಡಿಟ್ಟಿದ್ದ.

ಆ ವಾರ ಅವನು ಕೂಲಿಗೆ ಹೋಗಲಿಲ್ಲ. ಬೇಕಾದದ್ದನ್ನೆಲ್ಲ ನಾನೇ ಅವನ ಅಂಗಳಕ್ಕೆ ತಲುಪಿಸಿ, ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಮನುಷ್ಯ ಬದಲಾಗಿದ್ದ. ಕೆಲಸ ಮಾಡುತ್ತ ಸಿಳ್ಳೆ ಹಾಕುತ್ತಿದ್ದ. ಗೇರ್‌ಬಾಕ್ಸು ಜೋಡಿಸಿದ, ಡೀಸೆಲ್ ಪೈಪು ಎಳೆದ, ಸೈಲೆನ್ಸರನ್ನು ಬಗ್ಗಿಸಿ ದಾರಿ ಮಾಡಿದ. ಮೊದಲ ಸಲ ಸೆಲ್ಫ್ ಹೊಡೆದಾಗ ಬಿಳಿ ಹೊಗೆ ಬಂದು ನಿಂತಿತು. ಇನ್ನೊಮ್ಮೆ. ಮತ್ತೊಮ್ಮೆ ಹೊಡೆದಾಗ ಕೆಮ್ಮಿ, ನಡುಗಿ, ಹಿಡಿದುಕೊಂಡಿತು. ಕೋಳಿಗಳೆಲ್ಲ ಕಿಟಕಿಯಿಂದ ಹಾರಿದವು. ಆಮೇಲೆ ಅಂಗಳ ತುಂಬ ಕಪ್ಪು ಹೊಗೆ. ಬಿಸಿ ಸೀಮೆಯಲ್ಲಿ ಉಂಡು ಬೆಳೆದ ಎಂಜಿನ್ನಿಗೆ ನಮ್ಮ ತೆಳುಗಾಳಿಯಲ್ಲಿ ಅಷ್ಟು ಡೀಸೆಲ್ ಜೀರ್ಣವಾಗುವುದಿಲ್ಲ. ಪಂಪಿನ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಕಿವಿಯಿಟ್ಟು ಕೇಳಿ, ಹೊಗೆ ತಿಳಿಯಾಗುವವರೆಗೆ ಇಳಿಸಿದ.

ಬಾಸಿಲಿಯಾ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. "ಹೊಗೆ," ಎಂದಳು.

ಮಾರನೆಯ ದಿನ ನಾನು ಹೋದಾಗ ಸೆವೆರೊ ಒಡೆದ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅದರ ಕೆಂಪು ಟ್ಯಾಪೆಟ್ ಕವರನ್ನು ಬಿಚ್ಚಿ ಒರೆಸುತ್ತಿದ್ದ. ಪಕ್ಕದಲ್ಲಿ ಕೆಂಪು ಬಣ್ಣದ ಡಬ್ಬಿ.

"ಇದೇನೋ?"

"ಹೊಸದಕ್ಕೆ ಇದನ್ನ ಹಾಕ್ತೀನಿ ದೋನ್ಯ. ಬ್ಲಾಕಿಗೂ ಕೆಂಪು ಹೊಡೀತೀನಿ. ಉತ್ಸವದ ದಿನ ಕಂಪಾದ್ರೆ ಬಂದು ಬಿಯರ್ ಹೊಯ್ಯಲಿ. ಅವರ ಹೆಸರು ಮೇಲೇ ಇರುತ್ತಲ್ಲ. ಯಾರ ಮಾನಕ್ಕೂ ಏನೂ ಆಗಲ್ಲ."

"ಸತ್ತವನ ಟೋಪಿ ತೆಗೆದು ಬದುಕಿರೋನ ತಲೆಗೆ ಹಾಕ್ತಾ ಇದಾನೆ," ಎಂದಳು ಬಾಸಿಲಿಯಾ. "ನನ್ನ ಅಮ್ಮನ ಶಾಲು ಮಾರಿ ತಂದದ್ದು. ಹೆಸರು ಮಾತ್ರ ದೋನ್ ಸಿಪ್ರಿಯಾನೊ ಅವರದು."

"ಹೆಸರು ಇಟ್ಕೊಂಡ್ರೆ ಅದೇನು ಡೀಸೆಲ್ ಕುಡಿಯುತ್ತಾ?"

"ಕುಡಿಯಲ್ಲ. ಆದ್ರೆ ದಿನಾ ಎಂಜಿನ್ ನೋಡೋಕೆ ಆ ಸೀಟೆತ್ತಿದಾಗೆಲ್ಲ ನಾನು ಓದ್ತೀನಿ."

ಸೆವೆರೊ ನನ್ನ ಕಡೆ ತಿರುಗಿದ. ಕವರಿನ ಗ್ಯಾಸ್ಕೆಟ್ ಬೇಕೆಂದ, ಕೊಟ್ಟೆ. ಅಡ್ಡ ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಅವನ ಮುಖದಲ್ಲಿ ಎರಡು ವರ್ಷದಿಂದ ಇಲ್ಲದ ನೆಮ್ಮದಿ ಕಂಡು ಬಾಯಿ ಬರಲಿಲ್ಲ. ಒಡೆದ ಎಂಜಿನ್ನನ್ನು ಕೋಳಿಗೂಡಿನ ಹಿಂದಕ್ಕೆ ಎಳೆದು, ಮೇಲೆ ಚೀಲಗಳನ್ನು ಪೇರಿಸಿದರು.

ವಾರ್ಷಿಕೋತ್ಸವದ ದಿನ ಸಂಘದ ಗಾಡಿಗಳೆಲ್ಲ ಹೂವು, ಬಲೂನು ಕಟ್ಟಿಕೊಂಡು ಬೀದಿಯುದ್ದ ನಿಂತವು. ಸೆವೆರೊನ ವ್ಯಾನು ತನ್ನ ಜಾಗದಲ್ಲಿತ್ತು. ಕಾರ್ಯದರ್ಶಿ ಬಂದು ಎಂಜಿನ್ ಓಡಿಸಿ ನೋಡಿ ತಲೆಯಾಡಿಸಿದರು. ಅಲ್ಲಿಗೆ ಜಾಗ ಉಳಿಯಿತು. ವಾದ್ಯದವರು ಬಾರಿಸುತ್ತಿದ್ದರು. ಎಂಜಿನ್ ಆರಿಸಿ, ಮುಂದಿನ ಸೀಟು ಎತ್ತಿ, ಪದ್ರೀನೊಗಾಗಿ ಕಾದರು. ಈ ವ್ಯಾನಿಗೆ ಎಂಜಿನ್ ಇರುವುದು ಸೀಟಿನ ಕೆಳಗೆ.

ದೋನ್ ಸಿಪ್ರಿಯಾನೊ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದರು. ಸೊರಗಿದ್ದರು. ಸೆವೆರೊನನ್ನು ತಬ್ಬಿದರು, ಬಾಸಿಲಿಯಾಳ ಕೈ ಹಿಡಿದು, ಕಂಪಾದ್ರೆಯ ಹೆಂಡತಿಯನ್ನು ಕರೆಯುವ ಹಾಗೆ, "ಕೊಮಾದ್ರೆ" ಎಂದರು. ಅವಳು ಬಿಯರ್ ಬಾಟಲಿ ಮುಂದೆ ಚಾಚಿದಳು. ಅವರು ಅದನ್ನು ತೆಗೆದುಕೊಂಡು ಮೊದಲು ಭೂತಾಯಿ ಪಚಮಾಮಳಿಗೆಂದು ನೆಲಕ್ಕೆ ನಾಲ್ಕು ಹನಿ ಹೊಯ್ದರು. ಆಮೇಲೆ ಎಂಜಿನ್ನಿನ ಮೇಲೆ ಬಾಗಿದರು. ತಮ್ಮ ಹೆಸರನ್ನು ಓದಿದರು. ಹೊಯ್ಯಲಿಲ್ಲ. ಬಾಟಲಿ ಬಲಗೈಯಲ್ಲೇ ಇತ್ತು, ಎಡಗೈ ಮೆಲ್ಲಗೆ ಬ್ಲಾಕಿನ ಪಕ್ಕದಲ್ಲಿ ಕೆಳಗಿಳಿಯಿತು. ಹುಡುಕಲಿಲ್ಲ, ನೇರ ಆ ಬಿಲ್ಲೆಯ ಜಾಗಕ್ಕೆ ಹೋಯಿತು. ಬೆರಳು ಅದರ ಸುತ್ತ ಒಮ್ಮೆ ಆಡಿತು. ಅಲ್ಲಿ ಓರೆಯೇನೂ ಇರಲಿಲ್ಲ.

ಪಕ್ಕದಲ್ಲಿ ನಾನೂ ಬಾಸಿಲಿಯಾಳೂ ನಿಂತಿದ್ದೆವು. ನಮ್ಮ ಕಣ್ಣಿಗೆ ಬಿತ್ತು. ನಮ್ಮ ಕಣ್ಣಿಗೆ ಬಿದ್ದದ್ದು ಅವರಿಗೂ ತಿಳಿಯಿತು.

ನೆಟ್ಟಗಾಗಿ ಬಿಯರ್ ಹೊಯ್ದರು. ಅರ್ಧದಷ್ಟು ಕೋಟಿನ ಮೇಲೆಯೇ ಬಿತ್ತು. ಜನ ಬಣ್ಣದ ಕಾಗದದ ಚೂರು ಎರಚಿದರು. ಕಾರ್ಯದರ್ಶಿ ಮೈಕು ಹಿಡಿದು, ಇಂಥ ಪದ್ರೀನೊ ಇದ್ದರೆ ಯಾವ ಚಾಲಕನೂ ಕಾಲ್ನಡಿಗೆಯಲ್ಲಿ ಹೋಗಬೇಕಾಗಿಲ್ಲ, ಎಲ್ಲ ಹಿರಿಯರಿಗೂ ಇದು ಮೇಲ್ಪಂಕ್ತಿ ಎಂದು ದೊಡ್ಡ ಮಾತಾಡಿದರು. ದೋನ್ ಸಿಪ್ರಿಯಾನೊ ತಲೆ ತಗ್ಗಿಸಿ ಕೇಳಿದರು. ವಿನಯವೆಂದುಕೊಂಡು ಜನ ಮತ್ತೆ ಚಪ್ಪಾಳೆ ತಟ್ಟಿದರು.

ಮೊದಲ ಸುತ್ತಿಗೆ ಪದ್ರೀನೊ ಮುಂದಿನ ಸೀಟಿನಲ್ಲಿ ಕೂರಬೇಕು. ಕೂತರು. ಹಿಂದೆ ನಾವಿಬ್ಬರು. ವ್ಯಾನು ವಾದ್ಯದ ಸದ್ದು ಕೇಳದಷ್ಟು ದೂರ ಬಂದ ಮೇಲೆ ಅವರು ರಸ್ತೆಯನ್ನೇ ನೋಡುತ್ತ ಕೇಳಿದರು:

"ನನ್ನದನ್ನ ಎಲ್ಲಿಟ್ಟಿದೀಯ?"

ಸೆವೆರೊ ಗೇರು ತಪ್ಪಿಸಿದ. "ಯಾವ್ದು ಕಂಪಾದ್ರೆ?"

"ಸೆವೆರೊ."

"...ಕೋಳಿಗೂಡಿನ ಹಿಂದೆ."

"ಸಾನ್ ಹುವಾನ್ ಹಬ್ಬದ ರಾತ್ರಿ ಚಳಿಗೆ ಬೆಂಕಿ ಹಾಕಿ ಕುಡೀತಾ ಕೂತಿದ್ವಿ. ಹಗಲು ನಿನ್ನ ಎಂಜಿನ್ನಿಗೆ ನೀರು ತುಂಬಿಸಿ ಓಡಿಸಿ ನೋಡಿದ್ದೆ, ಆ ನೀರು ಇಳಿಸೋದು ಮರೆತೆ. ನಾನು, ಇಷ್ಟು ವರ್ಷ ಗಾಡಿ ಓಡಿಸಿದವನು. ಬೆಳಿಗ್ಗೆ ನೋಡಿದ್ರೆ ಬಿಲ್ಲೆ ನೆಲದ ಮೇಲೆ ಬಿದ್ದಿತ್ತು. ಬಿಲ್ಲೆ ಹಾರಿದ್ರೆ ಬ್ಲಾಕು ಉಳಿಯುತ್ತೆ ಅಂತಾರಲ್ಲ, ಹಾಗೇ ಅಂದ್ಕೊಂಡೆ. ಹೊಸ ಬಿಲ್ಲೆ ಬಡಿದೆ. ಮತ್ತೆ ಓಡಿಸಿ ನೋಡ್ಲಿಲ್ಲ. ಓಡಿಸಿದ್ರೆ ಗೊತ್ತಾಗಿಬಿಡುತ್ತೆ ಅಂತ ಭಯ. ಹೊಸದು ತರೋಕೆ ದುಡ್ಡಿರಲಿಲ್ಲ, ಮಾತು ಕೊಟ್ಟಾಗಿತ್ತು."

ಸೆವೆರೊ ವ್ಯಾನಿನ ವೇಗ ಇಳಿಸಿದ, ಅವರು ಮುಂದುವರಿಸಿದರು:

"ಎರಡು ವರ್ಷ ನಿನ್ನ ಬೀದಿ ಬಿಟ್ಟು ಸುತ್ತು ಹಾಕ್ಕೊಂಡು ಹೋದೆ. ಯಾವತ್ತಾದ್ರೂ ಬಂದು ಬಾಗಿಲು ಬಡೀತೀಯ, ಬೈತೀಯ ಅಂತ ಕಾದೆ. ನೀನು ಬಂದಿದ್ರೆ ಬಸ್ಸು ಮಾರಿದಾಗ ಆ ದುಡ್ಡಲ್ಲೇ ಕೊಡ್ತಿದ್ದೆ. ಬರಲಿಲ್ಲ. ಹಾಗಾದ್ರೆ ಓಡೋ ಎಂಜಿನ್ನೇ ಇರಬೇಕು, ಮೌಂಟಿಂಗೇ ತೊಂದರೆ ಇರಬೇಕು ಅಂತ ನಾನೂ ನಂಬ್ತಾ ಬಂದೆ."

"ನಿಮ್ಮನ್ನ ಹೇಗೆ ಬೈಲಿ ಕಂಪಾದ್ರೆ?" ಎಂದ ಸೆವೆರೊ. "ನನ್ನ ಮಗಳ ಕೂದಲು ಕತ್ತರಿಸಿದವರು ನೀವು. ನಿಮ್ಮ ಮಾನ ಉಳಿಸೋಣ ಅಂತ..."

"ಉಳಿಸಿದೆಯಪ್ಪ. ನಾನು ಕೊಡದೆ ಇರೋದಕ್ಕೆ ಮೈಕಲ್ಲಿ ಹೊಗಳಿಸಿದೆ. ಬೈದಿದ್ರೆ ತಡ್ಕೊಂತಿದ್ದೆ." ಹಿಂದೆ ತಿರುಗಿದರು. "ಇದಕ್ಕೆ ದುಡ್ಡು ಯಾರದು, ಕೊಮಾದ್ರೆ?"

ಬಾಸಿಲಿಯಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅಮ್ಮನ ಶಾಲು," ಎಂದಳು.

ಅವರಿಗೆ ಆ ಶಾಲು ಗೊತ್ತಿತ್ತು. ಅದನ್ನು ಹೊದ್ದು ಅವಳು ಕುಣಿದದ್ದನ್ನು ಎಷ್ಟೋ ಹಬ್ಬಗಳಲ್ಲಿ ನೋಡಿದ್ದರು. "ಇಲ್ಲೇ ನಿಲ್ಲಿಸು," ಎಂದರು.

ಸೆವೆರೊ ನಿಲ್ಲಿಸಲಿಲ್ಲ. "ಸುತ್ತು ಮುಗೀಲಿ ಕಂಪಾದ್ರೆ. ಊಟ ಇದೆ, ಎಲ್ಲರೂ ಕಾಯ್ತಾ ಇರ್ತಾರೆ."

"ನಿಲ್ಲಿಸು ಅಂದೆ."

ಇಳಿದರು. ಬಾಸಿಲಿಯಾಳ ಕಡೆಗೆ ಟೋಪಿ ತೆಗೆದರು. ಸೆವೆರೊಗೆ ಹೇಳಿದ್ದು ಇಷ್ಟೇ: "ಆ ಹೆಸರು ಬಿಚ್ಚಿಬಿಡು. ಅದರ ಜಾಗ ಅಲ್ಲ." ಬಿಯರು ನೆನೆದ ಕೋಟಿನಲ್ಲೇ ಚಳಿಗಾಳಿಗೆ ಎದುರಾಗಿ ನಡೆದು ಹೋದರು. ಕೂದಲಲ್ಲಿ ಬಣ್ಣದ ಕಾಗದದ ಚೂರುಗಳು ಹಾಗೇ ಇದ್ದವು.

ಸೆವೆರೊ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟುಕೊಂಡ. ಬಾಸಿಲಿಯಾ ಹಿಂದಿನಿಂದ ಕೈ ಚಾಚಿ ಅವನ ಹೆಗಲ ಮೇಲಿಟ್ಟಳು. ನಾನು ಆಗಲೇ ಹೇಳಿರಲಿಲ್ಲವೇ ಎಂದು ಚುಚ್ಚಲಿಲ್ಲ. "ಗಾಡಿ ಎತ್ತು. ಸಾಲಿನಲ್ಲಿ ನಮ್ಮ ಜಾಗ ಖಾಲಿ ಕಾಣ್ತಾ ಇರುತ್ತೆ," ಎಂದಳು.

ಊಟದಲ್ಲಿ ಪದ್ರೀನೊ ಎಲ್ಲಿ ಎಂದು ಕೇಳಿದವರಿಗೆ ಮೈ ಸರಿಯಿಲ್ಲ ಎಂದೆವು.

ಗುರುವಾರ ನನ್ನಿಂದ ಬೂದು ಬಣ್ಣದ ಟ್ಯಾಪೆಟ್ ಕವರೊಂದನ್ನು ಕೊಂಡು ಸೆವೆರೊ ಕೆಂಪನ್ನು ಬಿಚ್ಚಿದ. ಅದನ್ನು ಬಟ್ಟೆಯಲ್ಲಿ ಸುತ್ತಿ ದೋನ್ ಸಿಪ್ರಿಯಾನೊ ಮನೆಗೆ ಹೋದ. ಅವರ ಹೆಂಡತಿ ಬಾಗಿಲು ಅರ್ಧ ತೆರೆದು, ಅವರು ಮನೆಯಲ್ಲಿಲ್ಲ ಎಂದರು. ಒಳಗೆ ಅವರ ಕೆಮ್ಮು ಕೇಳುತ್ತಿತ್ತಂತೆ. ಇನ್ನೊಮ್ಮೆ ಬಾಸಿಲಿಯಾ ರೊಟ್ಟಿ ಬುಟ್ಟಿ ಹಿಡಿದು ಹೋದಳು. ರೊಟ್ಟಿ ಒಳಗೆ ಹೋಯಿತು, ಅವಳನ್ನು ಕರೆಯಲಿಲ್ಲ. ಸಂಘದ ಮೀಟಿಂಗಿಗೆ ಅವರು ಬರುವುದನ್ನು ಬಿಟ್ಟರು. ಉಳಿದಿದ್ದ ಬಸ್ಸನ್ನು ಅಳಿಯನಿಗೆ ಒಪ್ಪಿಸಿ, ಸರೋವರದ ಕಡೆಯ ತಮ್ಮ ಹಳ್ಳಿಗೆ ಹೋದರು.

ಒಡೆದ ಎಂಜಿನ್ನನ್ನು ನಾನು ಕಬ್ಬಿಣದ ತೂಕಕ್ಕೆ ಕೊಂಡು, ಅದರ ಬೆಲೆಯನ್ನು ಸೆವೆರೊ ಕೊಡಬೇಕಾದ ಬಾಕಿಯಲ್ಲಿ ಕಳೆದೆ. ಮಿಕ್ಕ ಬಾಕಿಯನ್ನೂ ಅವನು ತೀರಿಸಿದ. ವ್ಯಾನು ಚೆನ್ನಾಗಿ ಓಡುತ್ತಿದೆ, ಏರಿನಲ್ಲಿ ಉಸಿರು ಕಟ್ಟುವುದಿಲ್ಲ. ಸಾಲಿನಲ್ಲಿ ಅವನ ಜಾಗ ಅವನದೇ. ಬಾಸಿಲಿಯಾ ಈ ವರ್ಷ ಕುಣಿತಕ್ಕೆ ಇಳಿಯಲಿಲ್ಲ, ಶಾಲಿಲ್ಲ. ಯೊಸೆಲಿನ ಬರುವ ವರ್ಷ ದೊಡ್ಡ ಶಾಲೆಗೆ ಸೇರುತ್ತಾಳೆ. ಸಮವಸ್ತ್ರ ಕೊಡಿಸುವ ಪದ್ರೀನೊ ಬೇಕು. ಬೀದಿಯಲ್ಲಿ ಇಬ್ಬರು ಮುಂದೆ ಬಂದರು. ಸೆವೆರೊ ಇಬ್ಬರಿಗೂ ಬೇಡವೆಂದು, ತಾನೇ ಕೊಡಿಸಿದ.